ಅಮ್ಮಾರು ಕೊಟ್ಟ ಲವಂಗ

ಬಸವರಾಜೇಶ್ವರಿಯವರ ಮಾತೆಂದರೆ ತಿಪ್ಪಕ್ಕನಿಗೆ ವೇದವಾಕ್ಯ. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಯೂನಿಟ್ಟುಗಳು ಓಣಿಗೊಂದು ಇವೆ. ಬೆಟ್ಟದ ಬುಡದಲ್ಲಿರುವುದು ಬಸವರಾಜೇಶ್ವರಿಯವರದು. ಅವರ ಮನೆಯ ಕಸ-ಮುಸುರೆ ತಿಪ್ಪಕ್ಕನ ಪಾಲು, ಅವರ ಯೂನಿಟ್ಟಿನ ಒಂದು ಮಿಷನ್ನು ತಿಪ್ಪಕ್ಕನ ಸೊಸೆ ದುರ್ಗಾಳ ಪಾಲು. "ನಮ್ಮ ಅಮ್ಮಾರು ಹೇಳ್ಯಾರ" ಎಂದು ಓಣಿಯ ಹೆಂಗಸರ ಮುಂದೆ ಹೇಳುವಾಗ ತಿಪ್ಪಕ್ಕನ ಕತ್ತು ತುಸು ನೆಟ್ಟಗಾಗುತ್ತಿತ್ತು. ಜಂಬಪಡಲು ಮನೆಯಲ್ಲಿ ಏನೂ ಇಲ್ಲದವರು ದೊಡ್ಡವರ ಮಾತನ್ನೇ ಒಡವೆ ಮಾಡಿಕೊಂಡು ಹಾಕಿಕೊಳ್ಳುತ್ತಾರೆ.

ದುರ್ಗಾ ಬರೀ ಸೊಸೆಯಲ್ಲ, ಮಡಕಶಿರಾದಲ್ಲಿರುವ ತಿಪ್ಪಕ್ಕನ ತಮ್ಮ ಜುಂಜಣ್ಣನ ಮಗಳು. ತಾಯಿಯಿಲ್ಲದ ಹುಡುಗಿ. ಮಗ ಮಾರೇಶನಿಗೆ ತಂದುಕೊಳ್ಳುವಾಗ ತಿಪ್ಪಕ್ಕ ತಮ್ಮನ ಕೈಹಿಡಿದು, "ನಾನು ಆಕೀಗೆ ಅತ್ತಿ ಅಲ್ಲೋ, ಅವ್ವ" ಎಂದಿದ್ದಳು. ಸುಳ್ಳು ಹೇಳಿರಲಿಲ್ಲ. ಹಾಗೇ ನಡೆದುಕೊಳ್ಳಬೇಕೆಂದೇ ಇದ್ದಳು.

ಯೂನಿಟ್ಟಿನಲ್ಲಿ ಕತ್ತರಿಗಳಿಗೇನೂ ಬರವಿಲ್ಲ. ಆದರೆ ಕತ್ತರಿ ಹುಡುಕಿ ತೆಗೆದು ಇಡುವಷ್ಟರಲ್ಲಿ ಪಕ್ಕದವಳು ಇನ್ನೊಂದು ಪ್ಯಾಂಟು ಮುಗಿಸಿರುತ್ತಾಳೆ. ಅದಕ್ಕೇ ಎಲ್ಲರೂ ಬಾಗಿ ಹಲ್ಲಿನಲ್ಲೇ ದಾರ ಕಡಿಯುತ್ತಾರೆ. ಜೀನ್ಸಿನ ದಾರ ದಪ್ಪ. ದುರ್ಗಾಳ ಮುಂದಿನ ಹಲ್ಲುಗಳು ಸವೆದು ಜುಮ್ಮೆನ್ನತೊಡಗಿದ ಮೇಲೆ ಅವಳು ದಾರವನ್ನು ಪಕ್ಕದ ಹಲ್ಲಿಗೆ ಸರಿಸಿಕೊಂಡಿದ್ದಳು. ಬಸುರಾದದ್ದೇ ಸರಿ, ದಿನಾ ವಾಂತಿ, ಬಾಯೆಲ್ಲ ಹುಳಿ. ಮೊದಲೇ ಹುಳುಕಾಗಿದ್ದ ಒಂದು ದವಡೆ ಹಲ್ಲು ಈಗ ಅವಳ ಜೀವ ತಿನ್ನತೊಡಗಿತು.

ಆಸ್ಪತ್ರೆಯ ನರ್ಸಮ್ಮ ಬಾಯಿ ತೆರೆಸಿ ನೋಡಿ, "ಇದು ಒಳಗೇ ಕೀವು ಆಗೈತಿ. ಈಗಲೇ ಹಲ್ಲಿನ ಡಾಕ್ಟ್ರಿಗೆ ತೋರಸ್ರಿ, ಐದನೇ ತಿಂಗಳಾಗ ಹಲ್ಲು ಕಿತ್ರೂ ಕೂಸಿಗೆ ಏನೂ ಆಗಂಗಿಲ್ಲ" ಎಂದಳು. ತಿಪ್ಪಕ್ಕ ತಲೆಯಾಡಿಸಿದಳು. ಆದರೆ ನರ್ಸಮ್ಮ ಎಷ್ಟಾದರೂ ನಿನ್ನೆ ಮೊನ್ನೆ ಬಂದವಳು. ಅಮ್ಮಾರನ್ನು ಕೇಳದೆ ಹೇಗೆ?

ಕೇಳಲು ಹೋದಾಗ ಅವರು ಬಳ್ಳಾರಿಗೆ ಹೊರಟಿದ್ದರು. ಅವರ ಸೊಸೆ ತನುಶ್ರೀಯೂ ಬಸುರಿ, ದುರ್ಗಾಳ ಓರಗೆಯವಳೇ. ಅವಳು ಆಗಲೇ ಕಾರಿನಲ್ಲಿ ಕೂತು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೇನೋ ಎಂದುಕೊಂಡಳು ತಿಪ್ಪಕ್ಕ.

"ಹಲ್ಲು ಕೀಳಸ್ತೀಯಾ? ಬಸುರಿದ್ದಾಗ?" ಬಸವರಾಜೇಶ್ವರಿ ಬಳೆ ಸರಿಮಾಡಿಕೊಳ್ಳುತ್ತ ಕಣ್ಣು ಅಗಲಿಸಿದರು. "ಕೂಸಿಗೆ ಪೆಟ್ಟು ಬೀಳ್ತೈತಿ ತಿಪ್ಪಕ್ಕ. ಹಡೆದ ಮ್ಯಾಲ ನೋಡಿದ್ರಾತು. ತಗೋ, ಇದನ್ನ ಅದರಾಗ ಇಡು ಅನ್ನು." ಒಳಗಿಂದ ಒಂದು ಹಿಡಿ ಲವಂಗ ತಂದು ಅವಳ ಕೈಗೆ ಹಾಕಿದರು. ತಿಪ್ಪಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

"ಅತ್ತೆ, ನರ್ಸಮ್ಮ ತೋರಿಸ್ಲೇಬೇಕು ಅಂದವ್ಳೆ. ಒಂದಿನ ರಜ ಕೇಳ್ತೀನಿ" ಎಂದಳು ದುರ್ಗಾ.

"ಅಮ್ಮಾರಿಗಿಂತ ಆಕೀಗೆ ಹೆಚ್ಚಿಗಿ ಗೊತ್ತೈತೇನು? ಸುಮ್ಮನ ಲವಂಗ ಇಟ್ಕ."

ದುರ್ಗಾ ಇಟ್ಟುಕೊಂಡಳು. ಲವಂಗ ಮುಗಿದ ಮೇಲೆ ತಿಪ್ಪಕ್ಕ ತಾನು ಹಾಕುವ ಹೊಗೆಸೊಪ್ಪನ್ನೇ ಚಿವುಟಿ ಕೊಟ್ಟಳು. ಹುಡುಗಿ ರೊಟ್ಟಿ ಬಿಟ್ಟಳು, ಮುದ್ದೆ ನುಂಗಿದಳು, ಕೊನೆಗೆ ಗಂಜಿ. ಹೊಟ್ಟೆಯಲ್ಲಿನ ಕೂಸು ಗಂಜಿಯಲ್ಲೇ ಬೆಳೆಯಬೇಕಾಯಿತು. ದಾರ ಕಡಿಯುವುದನ್ನು ಮಾತ್ರ ಅವಳು ಬಿಡಲಿಲ್ಲ, ಈಗ ಇನ್ನೊಂದು ಕಡೆಯ ಹಲ್ಲಿನಿಂದ ಕಡಿಯುತ್ತಿದ್ದಳು.

ತನುಶ್ರೀಗೆ ಸೀಮಂತದ ಕುಬಸ ಮಾಡಿದ ದಿನ ಬಸವರಾಜೇಶ್ವರಿಯವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಸೀರೆಯುಟ್ಟು, ಕೈತುಂಬ ಬಳೆ ಹಾಕಿಕೊಂಡ ಹುಡುಗಿ ಕುರ್ಚಿಯಲ್ಲಿ ಕೂತು ಚಕ್ಕುಲಿ ಕಟಕಟನೆ ಕಡಿಯುತ್ತಿದ್ದಳು. ತಿಪ್ಪಕ್ಕ ಎಲೆ ತೆಗೆಯುತ್ತಿದ್ದಳು.

"ಹಲ್ಲುನೋವು ಅಂತಿದ್ದೆಲ್ಲವ್ವ, ಹೋತೇನು?" ಎಂದು ನೆಂಟರ ಅನ್ನದಾನಮ್ಮ ತನುಶ್ರೀಯನ್ನು ಕೇಳಿದರು.

"ಬಳ್ಳಾರಿಯಾಗ ತೋರಿಸಿದ್ವಲ್ರಿ, ಆವಾಗಲೇ. ನಂಗ ಭಯ ಇತ್ತು. ಬಸುರಿದ್ದಾಗ ಹಂಗ ಬಿಟ್ರನ ಕೂಸಿಗೆ ಕೆಟ್ಟದ್ದು ಅಂದ್ರು ಡಾಕ್ಟ್ರು. ಅತ್ತಿ ನನ್ನ ಕೈ ಹಿಡಕೊಂಡ ಕುಂತಿದ್ರು."

ತಿಪ್ಪಕ್ಕನ ಕೈಯಲ್ಲಿನ ಎಲೆ ಜಾರಿ ಪಾಯಸ ನೆಲಕ್ಕೆ ಚೆಲ್ಲಿತು. ಕೆನ್ನೆಗೆ ಒತ್ತಿಕೊಂಡ ಕರವಸ್ತ್ರ, ಹೊರಟು ನಿಂತ ಕಾರು, ಹಿಡಿ ಲವಂಗ. ಅದೇ ದಿನ! ತನ್ನ ಕೈಗೆ ಲವಂಗ ಹಾಕಿ, ಅದೇ ಕೈಯಲ್ಲಿ ಸೊಸೆಯ ಕೈ ಹಿಡಿದುಕೊಂಡು ಕೂತಿದ್ದಾರೆ.

ಹಿತ್ತಲಲ್ಲಿ ಬಸವರಾಜೇಶ್ವರಿ ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟಳು. "ನಮಗ್ಯಾಕ ಹಂಗ ಹೇಳಿದ್ರಿ ಅಮ್ಮಾರ?"

ಅವರು ನಾಚಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಆಕೀದು ನಾಜೂಕು ಮೈ ತಿಪ್ಪಕ್ಕ, ನಿಮ್ಮದು ಗಟ್ಟಿ ಜೀವ. ಆವಾಗ ದುರ್ಗಾ ಆಸ್ಪತ್ರಿ ಅಂತ ಕುಂತಿದ್ರ ಬೆಂಗಳೂರಿನ ಸರಕು ಯಾರು ಹೊಲೀತಿದ್ರು? ಈಗ ತೋರಸ್ರಿ, ಯಾರು ಬ್ಯಾಡಂದ್ರು? ಮೊದಲು ಆ ಪಾತ್ರಿ ಮುಗಿಸು, ಮಂದಿ ಇನ್ನೂ ಉಣ್ಣೋರದಾರ."

ತಿಪ್ಪಕ್ಕ ಬೂದಿ ಹಚ್ಚಿ ಪಾತ್ರೆ ತಿಕ್ಕಿದಳು. ಬಿಟ್ಟು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಹಾಳಾದ ಕೈಗಳಿಗೆ ಅಭ್ಯಾಸವಾಗಿಹೋಗಿತ್ತು. ಕೊನೆಯ ಕೊಪ್ಪರಿಗೆ ಕವುಚಿಟ್ಟು, ಉಳಿದ ಚಕ್ಕುಲಿ ಕಟ್ಟಿಕೊಟ್ಟರೆ ಅದನ್ನೂ ಇಸಿದುಕೊಂಡು ಮನೆಗೆ ಬಂದಾಗ ದುರ್ಗಾಳ ಗುರುತೇ ಹತ್ತಲಿಲ್ಲ. ಕೆನ್ನೆ ಊದಿ ಕಣ್ಣು ಮುಚ್ಚಿತ್ತು, ಗಂಟಲವರೆಗೆ ಬಾವು ಇಳಿದಿತ್ತು, ಮೈ ಕೆಂಡವಾಗಿತ್ತು. ಬಾಯಿ ತೆರೆಯಲು ಆಗುತ್ತಿರಲಿಲ್ಲ.

ಮಾರೇಶ ಆಟೋ ತಂದ. ಬಳ್ಳಾರಿಯ ಆಸ್ಪತ್ರೆಯಲ್ಲಿ ದವಡೆ ಕೊಯ್ದು ಕೀವು ತೆಗೆದರು, ಹಲ್ಲು ಕಿತ್ತರು. ಜ್ವರ ಇಳಿಯುವ ಮೊದಲೇ ಹೆರಿಗೆ ನೋವು ಬಂತು. ದಿನ ತುಂಬದ ಗಂಡುಕೂಸು, ಅಂಗೈಯಗಲ. ಒಂದೇ ಹಗಲು ಉಸಿರಾಡಿತು. ಹಲ್ಲಿನ ನಂಜು ಮೈಗೇರಿದ್ದರಿಂದ ಹೀಗಾಯಿತು, ಮುಂಚೆಯೇ ಕರೆತಂದಿದ್ದರೆ ಒಂದು ಬೆಳಗಿನ ಕೆಲಸವಾಗಿತ್ತು ಎಂದರು ಡಾಕ್ಟರು.

ದುರ್ಗಾ ಮನೆಗೆ ಬಂದ ಮೇಲೆ ಬಸವರಾಜೇಶ್ವರಿ ನೋಡಲು ಬಂದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. ಚಾಪೆಯ ಪಕ್ಕ ಸೇಬಿನ ಚೀಲ ಇಟ್ಟು, ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಏನ್ ಮಂದಿ ನೀವು! ಹಲ್ಲಿಗೆ ಲವಂಗ, ಹೊಗೆಸೊಪ್ಪು ಇಟ್ಕೊಂಡು ಕುಂತ್ರ ಕೂಸು ಉಳೀತಾವೇನು? ಯಾವ ಕಾಲದಾಗ ಅದೀರಿ? ನಮ್ಮ ತನುಶ್ರೀಗೂ ಹಲ್ಲುನೋವು ಬಂದಿತ್ತು. ನಾಕನೇ ತಿಂಗಳಾಗನ ನಾನ ಮುಂದ ನಿಂತು ತೋರಿಸ್ದೆ. ಏನಾತು ಆಕೀಗೆ?"

ಹೆಂಗಸರು ತಿಪ್ಪಕ್ಕನ ಕಡೆ ನೋಡಿದರು. "ನೀವ ಅಲ್ಲೇನ್ರಿ ಹೇಳಿದ್ದು!" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬರಲಿಲ್ಲ. ಅಷ್ಟು ವರ್ಷ ಆ ಮಾತುಗಳನ್ನು ಹೊತ್ತು ಮೆರೆದವಳಿಗೆ ಅವರ ಎದುರು ತನ್ನದೊಂದು ಮಾತು ಆಡುವುದು ಗೊತ್ತೇ ಇರಲಿಲ್ಲ. ಬಸವರಾಜೇಶ್ವರಿ ಸೆರಗು ಹೊದ್ದು ಎದ್ದು ಹೋದರು.

ಬಾಗಿಲು ಖಾಲಿಯಾಯಿತು. ತಿಪ್ಪಕ್ಕ ಗಂಜಿ ಬಟ್ಟಲು ಹಿಡಿದು ಸೊಸೆಯ ಪಕ್ಕ ಕೂತಳು. "ತಮ್ಮಗ ಮಾತು ಕೊಟ್ಟಿದ್ದೆ ಮಗಾ, ನಿನಗ ಅವ್ವ ಆಗಿರ್ತೀನಿ ಅಂತ" ಎಂದು ಅಳತೊಡಗಿದಳು.

ದುರ್ಗಾ ಬ್ಯಾಂಡೇಜು ಸುತ್ತಿದ ದವಡೆಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಮಾತು ಹೊರಗೆ ಹಾಕಿದಳು.

"ಅವ್ವ ಆಗೋದೇನ್ ಬ್ಯಾಡ ಬಿಡತ್ತೆ. ಆಯಮ್ಮ ಅವ್ರ ಸೊಸೆಗೆ ಆದಂಗೆ, ನೀನು ನಂಗೆ ಅತ್ತೆ ಆಗಿದ್ರೇ ಸಾಕಿತ್ತು."