ಅಲಮೇಲುವಿನ ಶೇಗಡಿ

ಅಕ್ಕನ ಉಗುರಿನ ಸಂದಿಯಲ್ಲಿದ್ದ ಮಸಿಯನ್ನು ಕೌಸಲ್ಯಾ ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು. ಎಷ್ಟು ತಿಕ್ಕಿದರೂ ಹೋಗಲೊಲ್ಲದು. ವರ್ಷಗಟ್ಟಲೆ ಕೆಮ್ಮಿದ ಅಲಮೇಲುವಿನ ಉಸಿರು ಅಂದು ಬೆಳಗ್ಗೆ ನಿಂತಿತ್ತು.

ಆಂಟಾಪ್ ಹಿಲ್‌ನ ಆ ಚಾಳಿನ ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ಭಾವ ಸತ್ಯಮೂರ್ತಿ ಗೋಡೆಗೊರಗಿ ಕೂತಿದ್ದರು. ಕಣ್ಣಲ್ಲಿ ಒಂದು ಹನಿಯಿಲ್ಲ. ಅವರ ಜೊತೆ ಮಿಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಜಯಸಿಂಹ ಒಳಗಿನ ಹೆಂಗಸರಿಗೂ ಕೇಳುವಂತೆ ಹೇಳುತ್ತಿದ್ದ:

"ಮೂರ್ತಿಗಳು ಸಾಮಾನ್ಯರಲ್ಲ ಕಣ್ರೀ. ಬಾಯ್ಲರಿಗೆ ಗಾಳಿ ಹೋಗೋ ದಾರೀನೇ ಬದಲಾಯಿಸಿಬಿಟ್ರು. ಕಲ್ಲಿದ್ದಲು ಉಳೀತು, ಚಿಮಣೀಲಿ ಹೊಗೇನೇ ಕಾಣಲ್ಲ. ದಿಲ್ಲಿಯವರು ಬಂದು ನೋಡ್ಕೊಂಡು ಹೋದ್ರು."

"ನಮ್ಮಕ್ಕ ನೋಡ್ಲಿಲ್ಲ," ಎಂದಳು ಕೌಸಲ್ಯಾ.



*

ಅದಕ್ಕೂ ಎಷ್ಟೋ ವರ್ಷ ಮುಂಚೆ, ಐವತ್ತಾರರ ಮಳೆಗಾಲದಲ್ಲಿ ಕೌಸಲ್ಯಾ ಮುಲುಂಡಿನಿಂದ ಅಕ್ಕನ ಮನೆಗೆ ಬಂದಾಗ, ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಕಲ್ಲಿದ್ದಲಿನ ಶೇಗಡಿ ಒಲೆ ಹೊಗೆಯುಗುಳುತ್ತಿತ್ತು. ಅಲಮೇಲು ಮೂಗಿಗೆ ಸೆರಗೊತ್ತಿಕೊಂಡು ಸಾರು ಕುದಿಸುತ್ತಿದ್ದಳು.

"ಅಕ್ಕನಿಗೆ ಒಂದು ಸೀಮೆಎಣ್ಣೆ ಸ್ಟೋವ್ ತಂದುಕೊಡಿ ಭಾವ."

"ಅಂಗಡೀದು ಯಾಕೆ? ಹೊಗೆ ಬರದ ಒಲೆ ನಾನೇ ಮಾಡಿಕೊಡ್ತೀನಿ. ಈ ಪ್ರಯೋಗ ಒಂದು ಮುಗೀಲಿ."

"ಮುಗಿಯತ್ತೆ ಬಿಡೇ," ಎಂದು ಅಲಮೇಲು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಸತ್ಯಮೂರ್ತಿ ಬಾಯ್ಲರಿನ ನಕ್ಷೆಗೆ ಮಸಿ ಹತ್ತದಂತೆ ಅದನ್ನು ಸುತ್ತಿಕೊಂಡು ಗ್ಯಾಲರಿಗೆ ಹೋದರು.

*

"ಸ್ಮಶಾನಕ್ಕೆ ಒಯ್ಯೋ ಬೆಂಕಿ ಮಡಕೆಗೆ ಕೆಂಡ ಆಗ್ಬೇಕು," ಎಂದರು ಪುರೋಹಿತರು. "ಮಕ್ಕಳಿಲ್ಲ. ಯಜಮಾನರೇ ಈ ಮನೆ ಒಲೇಲಿ ಹೊತ್ತಿಸಿ ತರಬೇಕು."

ಸತ್ಯಮೂರ್ತಿ ಒಳಗೆ ಹೋದರು. ಶೇಗಡಿಗೆ ಕಾಗದ ತುರುಕಿದರು, ಸೀಮೆಎಣ್ಣೆ ಸುರಿದರು, ಬೀಸಣಿಗೆ ಬೀಸಿದರು. ಉರಿ ಭಗ್ಗೆಂದು ಎದ್ದು ಆರಿಹೋಯಿತು. ಹೊಗೆ ಮಾತ್ರ ದಟ್ಟವಾಗುತ್ತ ಹೋಯಿತು.

"ಇದನ್ನ ಹೇಗೆ ಹಚ್ಚೋದು?" ಎಂದು ಒಳಗಿನಿಂದಲೇ ಕೇಳಿದರು.

ಪಕ್ಕದ ಮನೆಯ ವಾರಿಜಾ ಏಳಹೋದಳು. ಕೌಸಲ್ಯಾ ಅವಳ ಕೈ ಹಿಡಿದಳು. "ಕೂತ್ಕೊಳ್ಳಿ. ಅವರೇ ಹಚ್ಚಲಿ."

ಸ್ವಲ್ಪ ಹೊತ್ತಿಗೆ ಸತ್ಯಮೂರ್ತಿ ತಡವರಿಸುತ್ತ ಹೊರಬಂದರು. ಕೆಮ್ಮಿಗೆ ಮೈ ಬಾಗಿಹೋಗಿತ್ತು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಪಾಪ, ಈಗ ದುಃಖ ಒಡೀತು ನೋಡಿ ಮಾರಾಯ್ರೆ," ಎಂದು ವಾರಿಜಾ ತಾನೂ ಅತ್ತಳು.

ಕೌಸಲ್ಯಾ ಕೆಳಗೆ ಬಿದ್ದಿದ್ದ ಬೀಸಣಿಗೆಯನ್ನೆತ್ತಿ ಅವರ ಕೈಗಿತ್ತಳು.

"ಇನ್ನೂ ಕೆಂಡ ಆಗಿಲ್ಲ ಭಾವ."

ಅವರು ಒಳಗೆ ಹೋಗಿ ಮತ್ತೆ ಬೀಸತೊಡಗಿದರು. ಹೊಗೆ ಅಡಿಗೆಮನೆ ದಾಟಿ ಬಂದು, ಹೊರಕೋಣೆಯಲ್ಲಿ ಮಲಗಿಸಿದ್ದ ಅಲಮೇಲುವಿನ ತೆರೆದ ಬಾಯಿಯ ಮೇಲೆ ಹಾಯ್ದು, ಬಾಗಿಲ ಕಡೆ ಹೋಯಿತು. ಅವಳು ಕೆಮ್ಮಲಿಲ್ಲ.