ಮಧ್ಯಾಹ್ನದ ಸೂಜಿ

ಸೂಜಿ ಹಿಡಿಯುವುದೇ ನನ್ನ ಕಸುಬು. ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಹನ್ನೊಂದು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಏರಿ ಡಾಕ್ಟರು ಇನ್ಸುಲಿನ್ ಬರೆದಾಗ ಈ ಮನುಷ್ಯ ಸೂಜಿ ನೋಡಿಯೇ ಬೆವತುಹೋದರು. "ಕೊಡಿ ಇಲ್ಲಿ" ಎಂದು ನಾನೇ ಕಿತ್ತುಕೊಂಡೆ. ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು. ಅವರು ಅಂಗಿ ಎತ್ತಿ ಕಣ್ಣು ಮುಚ್ಚುತ್ತಾರೆ, ನಾನು ಹೊಟ್ಟೆಗೆ ಚುಚ್ಚುತ್ತೇನೆ. ನನ್ನ ಕೈ ಬಿಟ್ಟರೆ ಅವರಿಗೆ ಇನ್ನೊಬ್ಬರದು ಆಗದು ಅಂತ ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡವಳು ನಾನು.

ಹೋದ ತಿಂಗಳು ಡಾಕ್ಟರು ಮಧ್ಯಾಹ್ನಕ್ಕೂ ಒಂದು ಸೇರಿಸಿದರು. ಆ ಹೊತ್ತಿಗೆ ಅವರು ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಯಲ್ಲಿರುತ್ತಾರೆ.

"ಅಲ್ಲಿ ಯಾರ್ರೀ ಚುಚ್ತಾರೆ?"

"ಅಂಟು ಹಚ್ಚೋ ಅಕ್ಕ ಇದಾರಲ್ಲ, ಅವರು. ಅವರ ಗಂಡಂಗೂ ಇದೇ ಕಾಯಿಲೆ, ಅಭ್ಯಾಸ ಇದೆ."

"ನೋವಾಗುತ್ತಾ?"

"ಗೊತ್ತೇ ಆಗಲ್ಲ ಕಣೇ."

ಗೊತ್ತೇ ಆಗಲ್ವಂತೆ! ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾನು ಚುಚ್ಚಿದರೆ "ಮೆಲ್ಲಗೆ, ಮೆಲ್ಲಗೆ" ಅನ್ನುವ ಬಾಯಿ ಇದು. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ನನಗೆ ಈ ಮಾತು ಹೇಳಿದ್ದುಂಟಾ? ಮಧ್ಯಾಹ್ನ ಒಂದು ಗಂಟೆಯಾದರೆ ನನ್ನ ಕಣ್ಣು ಗಡಿಯಾರದ ಮೇಲೆ. ಈಗ ಅಂಗಿ ಎತ್ತಿರುತ್ತಾರೆ, ಈಗ ಕಣ್ಣು ಮುಚ್ಚಿರುತ್ತಾರೆ. ಸಮವಸ್ತ್ರದ ಎಡತೋಳನ್ನು ಬಲಕ್ಕೆ ಹೊಲಿದೆ, ಬೈದುಕೊಂಡು ಬಿಚ್ಚಿದೆ.

ಮೂರನೇ ವಾರ ತಡೆಯಲಾಗದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಕಾರ್ಖಾನೆಯ ಕಿಟಕಿ ತೆರೆದಿತ್ತು. ಅಂಟಿನಕ್ಕ ಆಚೆ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು, ತಲೆಯೆಲ್ಲ ಬೆಳ್ಳಗಾದ ಹೆಂಗಸು. ನಮ್ಮವರು ಕಾಗದದ ಅಟ್ಟಿಗೆ ಒರಗಿ, ಪಕ್ಕದವರ ಜೊತೆ ನಗುತ್ತ ಅಂಗಿ ಎತ್ತಿದರು. ಸೂಜಿ ತೆಗೆದು ತಾವೇ ಚುಚ್ಚಿಕೊಂಡರು. ಮಾತು ಕೂಡ ನಿಲ್ಲಿಸಲಿಲ್ಲ!

ಬಂದ ದಾರಿಯಲ್ಲೇ ವಾಪಸಾದೆ. ಹೊಟ್ಟೆಕಿಚ್ಚು ಇಳಿಯಿತಾ? ಎಲ್ಲಿ! ಅಂಟಿನಕ್ಕನನ್ನು ಬಿಟ್ಟು ಅವರ ಬಲಗೈ ಮೇಲೆ ತಿರುಗಿತು. ಆ ಕೈಗೇ ಬರುತ್ತೆ ಅಂದಮೇಲೆ ನಾನು ಯಾತಕ್ಕೆ?

ಸಂಜೆ ಅವರು ಎಂದಿನಂತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. "ಮೆಲ್ಲಗೆ ಕಣೇ."

ಸೂಜಿಯ ಡಬ್ಬಿಯನ್ನು ಅವರ ಮಡಿಲಿಗೆ ಹಾಕಿದೆ. "ನಿಮ್ಮ ಬಲಗೈಗೇ ಹೇಳಿ. ಅದು ಚುಚ್ಚಿದ್ರೆ ಗೊತ್ತೇ ಆಗಲ್ವಂತೆ."

ಅವರ ಮುಖ ಪೆಚ್ಚಾಯಿತು. "ನೋಡಿದ್ಯಾ?"

"ಯಾವಾಗಿಂದ ಬರುತ್ತೆ?"

"ಮೊದಲನೇ ವರ್ಷವೇ ಭಯ ಹೋಯ್ತು."

"ಮತ್ತೆ ಹತ್ತು ವರ್ಷ ಈ ನಾಟಕ ಯಾಕ್ರೀ? ಆ ಅಕ್ಕನ ಕಥೆ ಯಾಕೆ? ನನ್ನ ಮಂಗ ಮಾಡೋಕಾ?"

"ನಾನೇ ಚುಚ್ಕೋತೀನಿ ಅಂದಿದ್ರೆ, ಸಂಜೇದೂ ನೀವೇ ಚುಚ್ಕೊಳ್ಳಿ ಅಂತಿದ್ದೆ ನೀನು." ಅವರು ಡಬ್ಬಿಯನ್ನು ತಿರುಗಿಸುತ್ತ ಕೂತರು. "ಎದ್ದಾಗಿಂದ ನೀನು ಮೆಷಿನ್ ಮುಂದೆ. ಊಟಾನೂ ಅಲ್ಲೇ. ಇದೊಂದಕ್ಕೆ ಮಾತ್ರ ಅದನ್ನ ನಿಲ್ಸಿ ನನ್ನ ಹತ್ರ ಬಂದು ಕೂರ್ತೀಯ. ಆ ಮೆಷಿನ್ ಕಂಡ್ರೆ ನಂಗೂ ಉರಿಯುತ್ತೆ ಕಣೇ."

ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡೆ.

"ಕಣ್ಣು ಮುಚ್ಚಿ" ಎಂದು ಗದರಿದೆ. ಚುಚ್ಚಿ, ಹತ್ತಿ ಒತ್ತಿ ಹಿಡಿದೆ. ಮೆಷಿನ್ ಮೇಲೆ ತೋಳಿಲ್ಲದ ಏಳು ಅಂಗಿಗಳು ಕಾಯುತ್ತಿದ್ದವು. ಕಾಯಲಿ ಅಂತ ಕೂತೇ ಇದ್ದೆ.