ಓರೆ ಹಪ್ಪಳ ಒಣಗುವಷ್ಟು ಹೊತ್ತು

೧
ಈ ಕಥೆಯನ್ನು ಎಲ್ಲಿಂದ ಸುರು ಮಾಡುವುದು? ಕಾಯಿಲೆಯ ಹೆಸರಿನಿಂದ ಮಾಡಿದರೆ ನೀವು ಎದ್ದು ಹೋಗುತ್ತೀರಿ. ಹಪ್ಪಳದಿಂದ ಮಾಡಿದರೆ ಹತ್ತಿರ ಬಂದು ಕೂರುತ್ತೀರಿ. ಹಾಗಾದರೆ ಹಪ್ಪಳವೇ ಆಗಲಿ.

೨೦೧೬ರ ಪಗ್ಗು, ಅಂದರೆ ಏಪ್ರಿಲ್-ಮೇ ತಿಂಗಳ ಬಿಸಿಲು. ವರ್ಕಾಡಿಯ ಒಂದು ಅಂಗಳ. ಬೇಯಿಸಿದ ಹಲಸಿನ ಸೊಳೆ ಬೆಳಿಗ್ಗೆಯೇ ಹಿಟ್ಟಾಗಿದೆ. ಸೊಸೆ ಸೌಮ್ಯಶ್ರೀ ಉಂಡೆ ಮಾಡಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡುತ್ತಾಳೆ. ಅತ್ತೆ ಮೂಕಾಂಬಿಕಾ ಹಿಂದಿನಿಂದಲೇ ಬಂದು ಅದನ್ನು ಎಬ್ಬಿಸಿ, ಮುದ್ದೆ ಮಾಡಿ, ಪುನಃ ಒತ್ತುತ್ತಾರೆ.

“ಅದಕ್ಕೆ ಎಂತಾಗಿದೆ ಅತ್ತೆ?”

“ಓರೆ ಉಂಟು.”

“ಹೊಟ್ಟೆಗೆ ಹೋದ ಮೇಲೆ ಎಲ್ಲ ಓರೆಯೇ ಅಲ್ವಾ?”

“ಹೊಟ್ಟೆಗೆ ಕಣ್ಣಿಲ್ಲ. ನನಗೆ ಉಂಟು.”

೨
ಇಲ್ಲಿ ಅತ್ತೆಯ ಬಾಲ್ಯವನ್ನು ತಂದಿದ್ದೆ. ಕಟ್ಟುನಿಟ್ಟಿನ ಅಪ್ಪ, ಮೂಲೆಯಲ್ಲಿ ಬೆತ್ತ, ರಂಗೋಲಿಯ ಗೆರೆ ತಪ್ಪಿದರೆ ಪೆಟ್ಟು. ಮೂಕಾಂಬಿಕಾ ನಾನು ಬರೆದದ್ದನ್ನು ಇಣುಕಿ ಓದಿದರು. “ನನ್ನ ಅಪ್ಪ ನೊಣಕ್ಕೂ ಹೊಡೆದವರಲ್ಲ ಮಾರಾಯ. ಗೀಟು ಹಾಕು ಅದಕ್ಕೆ.”

ಹಾಕಿದೆ.

೪
“ಮೂರು ಎಲ್ಲಿ?” ಎಂದರು ಮೂಕಾಂಬಿಕಾ.

(ಬೇಕೆಂದೇ ಬಿಟ್ಟದ್ದು. ನಿಮಗೆ ಗೊತ್ತೇ ಆಗಿರಲಿಕ್ಕಿಲ್ಲ. ಅವರಿಗೆ ಅದು ಕಣ್ಣಿಗೆ ಬಿದ್ದ ಹೊಯ್ಗೆಯ ಕಣ.)

೩
ಸರಿ, ಇಗೊಳ್ಳಿ ಮೂರು.

ಸೌಮ್ಯಶ್ರೀ ಪ್ಲಸ್ ಟು ಮಕ್ಕಳಿಗೆ ಸೈಕಾಲಜಿ ಕಲಿಸುವವಳು. ನಿನ್ನೆ ತಡೆಯಲಾರದೆ ಹೇಳಿಬಿಟ್ಟಿದ್ದಳು.

“ನಿಮ್ಮದು ಓಸಿಪಿಡಿ ಇರಬೇಕು ಅತ್ತೆ. ಓಸಿಡಿ ಅಲ್ಲ, ಆ ಗೀಳಿನ ರೋಗ ಬೇರೆ. ಅದರಲ್ಲಿ ಕೈ ತೊಳೆದು ತೊಳೆದು, ‘ಇದೆಂತ ಮರುಳು ನನ್ನದು’ ಅಂತ ಹೆಚ್ಚಿನವರಿಗೆ ಅವರಿಗೇ ಅನ್ನಿಸ್ತದೆ. ಇದರಲ್ಲಿ ನಾನು ಸರಿ, ಊರೇ ಓರೆ ಅಂತ ಅನ್ನಿಸುವುದು. ನಡುವೆ ಒಂದು ‘ಪಿ’ ಜಾಸ್ತಿ.”

“ಪಿ ಅಂದ್ರೆ ಎಂತ? ಪಾಪಡವಾ?”

“ಪರ್ಸನಾಲಿಟಿ. ವ್ಯಕ್ತಿತ್ವ.”

“ವ್ಯಕ್ತಿಯೇ ರೋಗವಾದ್ರೆ ಮದ್ದು ಕುಡಿಯುವುದು ಯಾರು?”

(ರೋಗಕ್ಕೆ ಹೆಸರಿಡುವುದು ಡಾಕ್ಟರ ಕೆಲಸ. ಪಾಠಪುಸ್ತಕ ಹಿಡಿದು ಅತ್ತೆಗೆ ಹೆಸರಿಟ್ಟ ಸೊಸೆ ಸುಖಪಟ್ಟದ್ದನ್ನು ನಾನಂತೂ ಕಂಡಿಲ್ಲ.)

ಬೇರೆ ಸಂಸಾರ ಹೂಡಲು ಉಪ್ಪಳದಲ್ಲಿ ಬಾಡಿಗೆ ಮನೆ ನೋಡಿಯಾಗಿದೆ. ಗಂಡ ಗಣೇಶಪ್ರಸಾದ, “ನೀನು ಹೇಳಿದ ಹಾಗೆ” ಎಂದು ಕೈ ತೊಳೆದುಕೊಂಡಿದ್ದಾನೆ. ಸೌಮ್ಯಶ್ರೀ ಮನಸ್ಸಿನಲ್ಲೇ ನಿಶ್ಚಯಿಸಿದ್ದಾಳೆ: ತಾನು ಒತ್ತಿದ ಒಂದೇ ಒಂದು ಹಪ್ಪಳ ಇವತ್ತು ಹಾಕಿದಲ್ಲೇ ಉಳಿದರೆ ತಾನೂ ಉಳಿಯುವುದು. ಇಲ್ಲದಿದ್ದರೆ ನಾಳೆಯೇ ಉಪ್ಪಳ. ಇದು ಅತ್ತೆಗೆ ಗೊತ್ತಿಲ್ಲ. ನಿಮಗೆ ಹೇಳಿದ್ದೇನೆ, ಬಾಯಿ ಬಿಡಬೇಡಿ.

೫
ಬೇಲಿಯಾಚೆಯಿಂದ ನೆರೆಮನೆಯ ಸುಂದರಿ ಕೂಗಿದಳು. “ಅಕ್ಕಾ, ಹೋದ ವರ್ಷ ನಾನು ನಿಮ್ಮಲ್ಲಿಗೆ ಒತ್ಲಿಕ್ಕೆ ಬಂದಿದ್ದೆ. ಮುಯ್ಯಿ ಬಾಕಿ ಉಂಟು, ನಾಳೆ ನಮ್ಮಲ್ಲಿಗೆ ಬನ್ನಿ. ಆದ್ರೆ ಬಂದು ನಮ್ಮ ಹಪ್ಪಳ ಎಬ್ಬಿಸ್ಲಿಕ್ಕಿಲ್ಲ, ಆಯ್ತಾ?”

ಸೌಮ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಮೂಕಾಂಬಿಕಾ ನಗಲಿಲ್ಲ. ಚಾಪೆಯ ಬದಿಯಲ್ಲಿ ಕೂತುಬಿಟ್ಟರು.

“ಓರೆ ಕಂಡ್ರೆ ನನಗೆ ಸಿಟ್ಟು ಅಂತ ನೀವೆಲ್ಲ ತಿಳಿದದ್ದು. ಸಿಟ್ಟಲ್ಲ ಕೂಸೆ. ಹೆದರಿಕೆ.”

“ಎಂತದ್ದಕ್ಕೆ?”

“ಅದು ಗೊತ್ತಿದ್ರೆ ಹೆದರ್ತಿದ್ದೆನಾ?”

ಪಾಠಪುಸ್ತಕದಲ್ಲಿ ಈ ಸಾಲು ಇರಲಿಲ್ಲ. ಕೊನೆಯ ಉಂಡೆ ಒತ್ತುವಾಗ ಸೌಮ್ಯಶ್ರೀಯ ಕೈ ಜಾರಿತು. ಹಪ್ಪಳ ಒಂದು ಬದಿಗೆ ಕಿವಿಯಂತೆ ಚಾಚಿಕೊಂಡಿತು. ಹಾಗೆಯೇ ಹರಡಿದಳು.

೬
ಮುಕ್ತಾಯ ಒಂದು: ಅತ್ತೆ ನಕ್ಕು, ಅಡ್ಡಿಲ್ಲ ಎನ್ನುತ್ತಾರೆ. (“ಇದೆಂತ, ಸಿನಿಮಾವಾ?” ಎಂದರು ಅತ್ತೆ.)

ಮುಕ್ತಾಯ ಎರಡು: ಅತ್ತೆ ಎಬ್ಬಿಸುತ್ತಾರೆ, ಬೆಳಿಗ್ಗೆ ಸಾಮಾನು ಹೇರಲು ಜೀಪು ಬರುತ್ತದೆ. (“ಬೇಡ” ಎಂದವಳು, ಆಶ್ಚರ್ಯ, ಸೌಮ್ಯಶ್ರೀ.)

೭
ಈಗ ಮೂಕಾಂಬಿಕಾರ ಕೈ ಆ ಹಪ್ಪಳದ ಮೇಲೆ ಚಾಚಿ ನಿಂತಿದೆ. ಇಳಿಸಬೇಕಾದವನು ನಾನು. ಇಳಿಸುವುದಿಲ್ಲ. ಹಪ್ಪಳದ ಗುಣ ನಿಮಗೆ ಗೊತ್ತು: ಒಮ್ಮೆ ಒಣಗಿತೆಂದರೆ ಅದು ಪುನಃ ಹಿಟ್ಟಾಗುವುದಿಲ್ಲ. ಅದಕ್ಕೇ ಸುಮ್ಮನೆ ಮಾತಾಡುತ್ತಿದ್ದೇನೆ. ಸುಂದರಿ ನಾಳೆಯ ಉತ್ತರಕ್ಕೆ ಕಾಯುತ್ತಿದ್ದಾಳೆ. ಕಾಯಲಿ, ಮುಯ್ಯಿ ಇನ್ನಷ್ಟು ಹೊತ್ತು ಬಾಕಿ ಇರಲಿ.

“ಎಷ್ಟು ಹೊತ್ತು ಮಾರಾಯ, ಕೈ ಸೋತಿತು” ಎನ್ನುತ್ತಾರೆ ಅತ್ತೆ. ಆದರೆ ತಾವಾಗಿ ಇಳಿಸುವುದೂ ಇಲ್ಲ.

ಅಂಚು ಬೆಳ್ಳಗಾಗುತ್ತಿದೆ. ನಡು ಇನ್ನೂ ಹಸಿ. ನನ್ನ ಮಾತು ಮುಗಿಯುತ್ತ ಬಂತು, ನೀವಾದರೂ ಏನಾದರೂ ಕೇಳಿ